ಒಂದೇ ಬೆರಳಿನಲ್ಲಿ ತೋರಿಸಿ

ರಿಸರ್ವ್ ಮಾಡಿಸಿದ ಸೀಟನ್ನು ಖಾಲಿ ಬಿಟ್ಟು, ಬಾಗಿಲ ಹತ್ತಿರ ನಿಂತುಕೊಂಡೇ ತಿರುವನಂತಪುರದಿಂದ ಆಲುವದವರೆಗೆ ಹೋಗುವ ಮುದುಕಿಯನ್ನು ಕಂಡರೆ ಜನಕ್ಕೆ ತಡೆಯಲಾಗುವುದಿಲ್ಲ. ಕೊಲ್ಲಂ ದಾಟುವುದರೊಳಗೆ ಯಾರಾದರೂ ಎದ್ದು ಬಂದೇ ಬರುತ್ತಾರೆ. “ಅಮ್ಮಚ್ಚೀ, ಇವಿಡೆ ಇರಿಕ್ಕೂ” ಎಂದು ತಮ್ಮ ಜಾಗ ತೋರಿಸುತ್ತಾರೆ. ನನಗೆ ಸೀಟಿದೆ, ಕೂರಲು ಆಗುವುದಿಲ್ಲ ಅಷ್ಟೇ ಎಂದರೆ ಅವರ ಮುಖದಲ್ಲಿ ಕನಿಕರ ಇನ್ನೂ ಹೆಚ್ಚುತ್ತದೆ. ಒಬ್ಬಾಕೆಯಂತೂ, ಕೂರಲಾಗದವರು ರೈಲು ಯಾಕೆ ಹತ್ತಬೇಕು, ಮನೆಯಲ್ಲಿ ಮಲಗಿರಬಾರದೇ ಎಂದು ಮಲಯಾಳದಲ್ಲಿ ಗದರಿದಳು. ಆಮೇಲೆ ಅವಳಿಗೇ ಪಾಪ ಅನ್ನಿಸಿತೋ ಏನೋ, ನೇಂದ್ರ ಬಾಳೆಹಣ್ಣು ಒಂದನ್ನು ನನ್ನ ಕೈಗೆ ತುರುಕಿ ಕಾಯಂಕುಳಂನಲ್ಲಿ ಇಳಿದು ಹೋದಳು. ಅದನ್ನೂ ನಿಂತೇ ತಿಂದೆ. ನಿಂತು ತಿನ್ನುವುದು ಕುದುರೆಗಳ ಕೆಲಸ ಎನ್ನುತ್ತಿದ್ದ ನಮ್ಮ ಕಾನ್ವೆಂಟಿನ ಹಳೆಯ ಸಿಸ್ಟರ್ ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನಾನು ಹುಟ್ಟಿದ್ದು ಮೈಸೂರು, ಓದಿದ್ದು ಕಾನ್ವೆಂಟು, ದುಡಿದದ್ದು ಬ್ಯಾಂಕು. ಯಜಮಾನರಿಗೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾದಾಗ ‘ಜಸ್ಟ್ ಫಾರ್ ಎ ಫ್ಯೂ ಇಯರ್ಸ್’ ಎಂದುಕೊಂಡು ಬಂದವರು ಇಲ್ಲೇ ಬೇರು ಬಿಟ್ಟೆವು. ಅವರು ತೀರಿಕೊಂಡ ಮೇಲೂ ಉಳ್ಳೂರಿನ ಫ್ಲ್ಯಾಟನ್ನು ಬಿಡುವ ಮನಸ್ಸಾಗಲಿಲ್ಲ. ಅದಕ್ಕೆ ಮುಖ್ಯ ಕಾರಣ ಕೆಳಗೆ ನಿಂತಿರುವ ನನ್ನ ಪುಟ್ಟ ನೀಲಿ ಕಾರು ಎಂದರೆ ನೀವು ನಗಬಹುದು. ಯಜಮಾನರಿಗೆ ರಾಕೆಟ್ಟಿನ ಲೆಕ್ಕವೆಲ್ಲ ಬರುತ್ತಿತ್ತು, ಕ್ಲಚ್ಚು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಮೊದಲಿನಿಂದಲೂ ಮನೆಯ ಡ್ರೈವರು ನಾನೇ. ತರಕಾರಿಗೆ, ಲೈಬ್ರರಿಗೆ, ಮಹಡಿಯ ಮೇಲಿನ ಅಜ್ಜಿಯರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದಕ್ಕೆ, ಎಲ್ಲಕ್ಕೂ ನಾನು ಮತ್ತು ನನ್ನ ಕಾರು. ಗುರುವಾರ ಬಂತೆಂದರೆ ಶ್ರೀಕಾರ್ಯಂ. ಅಲ್ಲಿ ನನ್ನ ಗೆಳತಿ ಇದ್ದಾಳೆ, ಧಾರವಾಡದ ಕಡೆಯವಳು. ಮರಗೆಣಸಿನ ಮೇಲೆ ಸಂಶೋಧನೆ ಮಾಡುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವಳು. ನಾನು ಬಾಯ್ತುಂಬ ಕನ್ನಡ ಮಾತಾಡುವುದು ಅವಳೊಬ್ಬಳ ಜೊತೆಗೇ. ನಮ್ಮ ಕನ್ನಡಗಳು ಒಂದಕ್ಕೊಂದು ಹೊಂದುವುದಿಲ್ಲ, ಅದರಿಂದ ಜಗಳಕ್ಕೂ ಬರವಿಲ್ಲ.

ನೋವು ಮೊದಲು ಬಂದದ್ದು ಕಾರಿನಿಂದ ಇಳಿಯುವಾಗಲೇ. ಬಲಗಾಲನ್ನು ಹೊರಗಿಟ್ಟು ಎದ್ದೇಳುವ ಆ ಒಂದು ಕ್ಷಣದಲ್ಲಿ ಯಾರೋ ಕಾದ ಸೌಟನ್ನು ಒಳಗಿಟ್ಟು ತಿರುಗಿಸಿದ ಹಾಗೆ. ಆಮೇಲೆ ಕುರ್ಚಿಯಿಂದ ಏಳುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ. ಬರಬರುತ್ತ ಸುಮ್ಮನೆ ಕೂತರೂ ತೊಡೆಯ ಹಿಂದೆ ಇಳಿಯತೊಡಗಿತು. ಒಂದು ದಿನ ನಮ್ಮ ಬೇಸ್‌ಮೆಂಟಿನಲ್ಲಿ ಪಾರ್ಕ್ ಮಾಡುವಾಗ ಬ್ರೇಕ್ ಒತ್ತಿದ ಕಾಲು ನೋವಿಗೆ ಹೆದರಿ ತಾನಾಗಿಯೇ ಹಿಂದೆ ಸರಿಯಿತು. ಕಾರು ಮೆಲ್ಲಗೆ ಹೋಗಿ ಕಂಬಕ್ಕೆ ತಾಗಿತು. ಬಂಪರು ನೆಗ್ಗಿತು, ಅಷ್ಟೇ. ಆದರೆ ಅಲ್ಲಿ ಕಂಬದ ಬದಲು ಯಾವುದಾದರೂ ಮಗು ಇದ್ದಿದ್ದರೆ? ಕೀಲಿಕೈಯನ್ನು ತೆಗೆದು ದೇವರ ಗೂಡಿನಲ್ಲಿಟ್ಟೆ.

ಮಗಳು ಕೊಚ್ಚಿಯ ಪಕ್ಕದ ಆಲುವದಲ್ಲಿದ್ದಾಳೆ, ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಇಲ್ಲಿಯೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಉತ್ತರ ಕೊಡುತ್ತಾಳೆ, ಸಿಟ್ಟು ಬಂದಾಗ ಮಾತ್ರ ಕನ್ನಡ.

“ಅಮ್ಮಾ, ಬಿ ಸೆನ್ಸಿಬಲ್. ಓಟೋ ಉಂಡಲ್ಲೋ, ಆ್ಯಪ್ ಉಂಡಲ್ಲೋ. ಕಾರ್ ಕೊಟ್ಟುಬಿಡೋಣ. ನನ್ನ ಆಫೀಸಿನ ಒಬ್ಬರು ಕೇಳ್ತಿದ್ದಾರೆ, ಓಣಂ ಕಳೆದ ಮೇಲೆ ಬಂದು ನೋಡ್ತಾರಂತೆ.”

ಓಟೋ ಇದೆಯಲ್ಲ, ಆ್ಯಪ್ ಇದೆಯಲ್ಲ ಎಂದು ಮಲಯಾಳದಲ್ಲಿ ಶುರುಮಾಡಿ ಕನ್ನಡಕ್ಕೆ ಇಳಿದಳೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಆದರೆ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಳ್ಳದಿಂದ ಹಳ್ಳಕ್ಕೆ ಹಾರುವ ಓಟೋದಲ್ಲಿ ಕೂತರೆ ನನಗೆ ಕಣ್ಣೀರು ಬರುತ್ತದೆ ಎನ್ನುವುದು ಬೇರೆ ಮಾತು. ಶ್ರೀಕಾರ್ಯಂನ ಗೆಳತಿ ಫೋನಿನಲ್ಲಿ ಹರಿಹಾಯ್ದಳು. “ಏನವಾ, ಕಾರು ಮಾರ್ತೀಯಂತ? ಮತ್ತ ನಾ ಯಾರ್ ಜೋಡಿ ಜಗಳಾ ಮಾಡ್ಲಿ? ಗ್ವಾಡಿ ಜೋಡಿ ಮಾಡ್ಲ್ಯಾ?”

ಉಳ್ಳೂರಿನಲ್ಲಿರುವವರಿಗೆ ಡಾಕ್ಟರುಗಳಿಗೆ ಬರವಿಲ್ಲ. ಹೆಜ್ಜೆಗೊಂದು ಕ್ಲಿನಿಕ್ಕು. ನೋವು ಶುರುವಾದಾಗಿನಿಂದ ಇಷ್ಟು ವರ್ಷಗಳಲ್ಲಿ ನಾನು ತೋರಿಸಿದವರೆಲ್ಲ ಒಳ್ಳೆಯವರೇ. ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು, “ಲೋವರ್ ಬ್ಯಾಕ್, ಡಾಕ್ಟರ್.” ಎಂಆರ್‌ಐಯಲ್ಲಿ ನನ್ನ ವಯಸ್ಸಿನ ಬೆನ್ನಿನಲ್ಲಿ ಇರಬೇಕಾದ ಸವಕಲು, ಉಬ್ಬು ಎಲ್ಲವೂ ಇತ್ತು. ಮಾತ್ರೆ, ಬೆಲ್ಟು, ಶಾಖ, ಎಣ್ಣೆ ಎಲ್ಲ ಆಯಿತು. ಕೊನೆಗೆ ಒಬ್ಬರು ಆಪರೇಷನ್ ಮಾತೆತ್ತಿದಾಗ ಮಗಳು, ಮೊದಲು ಕೊಚ್ಚಿಯಲ್ಲಿ ನೋವಿಗೆಂದೇ ಇರುವ ಒಬ್ಬ ಸ್ಪೆಷಲಿಸ್ಟಿಗೆ ತೋರಿಸೋಣ ಎಂದಳು. ಹಾಗೆ ಶುರುವಾದದ್ದು ನನ್ನ ನಿಂತ ಪ್ರಯಾಣ.

ಆ ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಅವರನ್ನು ನಾನು ಮೊದಲು ನೋಡಿದ್ದು ವೇಟಿಂಗ್ ಹಾಲಿನಲ್ಲಿ, ಡಾಕ್ಟರೆಂದು ತಿಳಿಯದೆಯೇ. ಬಾಗಿಲಿಗೆ ಒರಗಿ ಯಾರೋ ಒಬ್ಬರು ಜನರನ್ನು ನೋಡುತ್ತ ನಿಂತಿದ್ದರು. ರೋಗಿಗಳು ಕುರ್ಚಿಯಿಂದ ಹೇಗೆ ಏಳುತ್ತಾರೆ ಎಂದು ನೋಡುವುದೇ ಅವರ ಪರೀಕ್ಷೆಯ ಮೊದಲ ಭಾಗ ಎಂದು ಆಮೇಲೆ ಗೊತ್ತಾಯಿತು. ನನ್ನ ಎಂಆರ್‌ಐ ಲಕೋಟೆಯನ್ನು ತೆಗೆದುಕೊಂಡು ಮೇಜಿನ ಮೇಲೆ ಕವುಚಿಟ್ಟರು. “ಇದನ್ನು ಲಾಸ್ಟಿಗೆ ನೋಡುವಾ. ಫೋಟೋಕ್ಕೆ ನೋವಾಗುವುದಿಲ್ಲ” ಎಂದರು, ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ! ಪರೀಕ್ಷೆಯ ಮಂಚ ಹತ್ತುವಾಗ ನನ್ನ ಬಾಯಿಂದ ಬಂದ ‘ಅಯ್ಯೋ ರಾಮಾ’ ಅವರ ಕಿವಿಗೆ ಬಿದ್ದಿತ್ತು.

“ನಂದು ಕಾಸರಗೋಡು, ಆಂಟೀ. ಶಾಲೆಯಲ್ಲಿ ಕನ್ನಡ ಮೀಡಿಯಂ. ಇಲ್ಲಿ ಬಂದ ಮೇಲೆ ಮಾತಾಡ್ಲಿಕ್ಕೆ ಯಾರೂ ಸಿಗುವುದಿಲ್ಲ. ಹೇಳಿ, ನೋವು ಎಲ್ಲಿ ಉಂಟು? ಒಂದೇ ಬೆರಳಿನಲ್ಲಿ ತೋರಿಸಿ.”

ನಾನು ಅಂಗೈಯಿಂದ ಸೊಂಟದ ಮೇಲೆ, ಸೆರಗು ಸಿಕ್ಕಿಸುವ ಜಾಗದಲ್ಲಿ, ಇಡೀ ಬೆನ್ನನ್ನು ಸವರಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು. ಕಾಲು ಮಡಿಸಿದರು, ತಿರುಗಿಸಿದರು, ಅಲ್ಲಲ್ಲಿ ಒತ್ತಿದರು. ಒತ್ತಿದಲ್ಲೆಲ್ಲ ನಾನು “ಸ್ಲೈಟ್ಲಿ, ಡಾಕ್ಟರ್” ಎಂದೆ. ಅವರ ಬೆರಳುಗಳು ಕೆಲವು ಕಡೆ ಕಣ್ಣಲ್ಲಿ ನೀರು ತರಿಸಿದ್ದು ನಿಜ. ಆದರೆ ಅಷ್ಟು ಸೌಜನ್ಯದಿಂದ ನೋಡುತ್ತಿರುವವರ ಮೇಲೆ ಕಿರುಚಲಾಗುತ್ತದೆಯೇ?

“ನಿಮಗೆ ಎಂತ ಆಗಬೇಕು?” ಎಂದರು ಕೊನೆಗೆ. ನೋವು ಹೋಗಬೇಕು ಎಂದೆ.

“ಅದು ಎಲ್ಲರಿಗೂ ಬೇಕು. ನೋವು ಕಮ್ಮಿ ಆದ್ರೆ ಎಂತ ಮಾಡ್ತೀರಿ?”

ಇಷ್ಟು ಡಾಕ್ಟರುಗಳಲ್ಲಿ ಯಾರೂ ಕೇಳದ ಪ್ರಶ್ನೆ. “ಐ ವಾಂಟ್ ಟು ಡ್ರೈವ್” ಎಂದೆ. ಪಕ್ಕದಲ್ಲಿದ್ದ ಮಗಳು ನಿಟ್ಟುಸಿರು ಬಿಟ್ಟಳು. ಡಾಕ್ಟರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಬೆನ್ನುಮೂಳೆಯ ಪುಟ್ಟ ಕೀಲುಗಳಿಂದ ನೋವು ಬರುತ್ತಿದ್ದರೆ, ಅವುಗಳ ನರಗಳ ಹತ್ತಿರ ಸ್ವಲ್ಪ ಮರಗಟ್ಟಿಸುವ ಮದ್ದು ಹಾಕಿದರೆ ಕೆಲವು ಗಂಟೆ ನೋವು ಮಾಯವಾಗಬೇಕು. ಇದು ಚಿಕಿತ್ಸೆಯಲ್ಲ, ಬರಿಯ ಪರೀಕ್ಷೆ. ನೋವು ಹೋದರೆ ಕಳ್ಳ ಸಿಕ್ಕ, ಮುಂದಿನ ಸಲ ಅದೇ ನರಗಳಿಗೆ ಬಿಸಿ ಮುಟ್ಟಿಸಿ ಬಹಳ ತಿಂಗಳು ಸುಮ್ಮನಿರಿಸಬಹುದು. “ನಂಗೆ ಸಣ್ಣ ಡೌಟ್ ಉಂಟು. ಆದ್ರೆ ನೀವು ಬೆನ್ನು ಅಂತ ಹೇಳಿದ್ರಿ, ಫೋಟೋವೂ ಬೆನ್ನು ಅಂತ ಹೇಳ್ತದೆ. ಆ ನರಗಳನ್ನೇ ಕೇಳಿ ನೋಡುವಾ.”

ಇಂಜೆಕ್ಷನ್ನಿನ ದಿನ ಮಗಳು ತನ್ನ ಕಾರಿನಲ್ಲಿ ಕರೆತಂದಳು, ನಾನು ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಾಗಿ ಮಲಗಿದ್ದೆ. ಬೋರಲು ಮಲಗಿಸಿ, ದೊಡ್ಡ ಕಮಾನಿನಂಥ ಎಕ್ಸ್‌ರೇ ಯಂತ್ರವನ್ನು ನನ್ನ ಸುತ್ತ ತಿರುಗಿಸಿ, ಪರದೆಯಲ್ಲಿ ನೋಡುತ್ತ ಸೂಜಿ ಇಳಿಸಿದರು. ಪ್ರತಿಯೊಂದನ್ನೂ ಮಾಡುವ ಮೊದಲು ಹೇಳುತ್ತಿದ್ದರು. “ಈಗ ತಣ್ಣಗೆ ಆಗ್ತದೆ. ಈಗ ಚುಚ್ತದೆ. ಇರುವೆ ಕಚ್ಚಿದ ಹಾಗೆ ಅಂತ ನಾನು ಸುಳ್ಳು ಹೇಳುವುದಿಲ್ಲ, ಕಣಜ ಕಚ್ಚಿದ ಹಾಗೆ.” ಸುಳ್ಳು ಹೇಳದ ಕೈ ಎಂಬುದೊಂದು ಇರುತ್ತದೆ. ಆ ಕೈ ಹಾಗಿತ್ತು.

ಮುಗಿದ ಮೇಲೆ ವಿಶ್ರಾಂತಿ ಇರುತ್ತದೆ ಎಂದುಕೊಂಡಿದ್ದೆ. ಅವರ ಪದ್ಧತಿಯೇ ಬೇರೆ. “ಸ್ವಲ್ಪ ಹೊತ್ತು ಕಳೆದ ಮೇಲೆ ಕೆಳಗೆ ಹೋಗಿ ನೋವು ಬರಿಸುವ ಕೆಲಸವನ್ನೇ ಮಾಡಿ. ಕಾರು ಹತ್ತಿ ಇಳೀರಿ” ಎಂದು ಕಳಿಸಿದರು.

ಪಾರ್ಕಿಂಗಿನಲ್ಲಿ ಹತ್ತಿದೆ, ಇಳಿದೆ. ನೋವು ಇದ್ದ ಹಾಗೆಯೇ ಇತ್ತು. ಆಪರೇಷನ್, ಕಾರಿನ ಗಿರಾಕಿ, ಗುರುವಾರಗಳು, ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಡಾಕ್ಟರು ಕೈಯಲ್ಲಿ ಪೇಪರ್ ಕಪ್ಪಿನ ಚಹಾ ಹಿಡಿದುಕೊಂಡು ಕೆಳಗೇ ಬಂದರು. ಎಕ್ಸ್‌ರೇ ತಡೆಯಲೆಂದು ದಿನವೆಲ್ಲ ಹೊರುವ ಸೀಸದ ಏಪ್ರನ್ ತೆಗೆದಿದ್ದರು. ಗೋಡೆಗೆ ಬೆನ್ನು ಆನಿಸಿ ನಿಂತ ರೀತಿಯಿಂದ ಅವರ ಬೆನ್ನೂ ನೋಯುತ್ತಿದೆಯೆಂದು ನನಗೆ ತಿಳಿಯಿತು.

“ಹೇಗುಂಟು ಆಂಟೀ?”

“ಮಚ್ ಬೆಟರ್, ಡಾಕ್ಟರ್. ಥ್ಯಾಂಕ್ಯೂ ಸೋ ಮಚ್.”

ಅಷ್ಟು ಕಷ್ಟಪಟ್ಟವರಿಗೆ ಇನ್ನೇನು ಹೇಳಲಿ? ಯಾರ ಮನೆಯ ಊಟವನ್ನೂ ಉಪ್ಪಿಲ್ಲ ಎನ್ನದೆ ಉಂಡು ಬೆಳೆದವಳು ನಾನು.

“ಚಂದ. ಚಹಾ ಮುಗಿಯುವವರೆಗೆ ನಾನು ಇಲ್ಲೇ ಇರ್ತೇನೆ. ಒಮ್ಮೆ ಹತ್ತಿ ಇಳೀರಿ ನೋಡುವಾ.”

ಹತ್ತಿದೆ. ಇಳಿಯುವಾಗ ಎರಡು ಮಂಡಿಗಳನ್ನೂ ಜೋಡಿಸಿ, ಇಡೀ ಮೈಯನ್ನು ಒಟ್ಟಿಗೆ ತಿರುಗಿಸಿ, ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಎದ್ದೆ. ಎದ್ದು ನಕ್ಕೆ.

“ಆಂಟೀ, ನಿಮ್ಮ ನಗು ತುಂಬ ಚಂದ ಉಂಟು. ಆದ್ರೆ ನೀವು ಉಸಿರೇ ಬಿಡ್ಲಿಲ್ಲ.”

ಹಿಡಿದಿದ್ದ ಉಸಿರನ್ನು ಆಗ ಬಿಟ್ಟೆ.

“ನಂಗೆ ಬೇಜಾರಾಗ್ತದೆ ಅಂತ ಹೇಳಿದ್ದಾ? ಇಂಜೆಕ್ಷನ್ ಫೇಲಾದ್ರೆ ನಂಗೆ ಒಳ್ಳೆಯದೇ. ಕಳ್ಳ ಈ ಮನೆಯಲ್ಲಿ ಇಲ್ಲ ಅಂತ ಗೊತ್ತಾಯ್ತಲ್ಲ. ನೀವು ಬೆಟರ್ ಬೆಟರ್ ಅಂತ ನಂಗೆ ಮಾರ್ಕ್ಸ್ ಕೊಟ್ಟಿದ್ರೆ ಮುಂದಿನ ಸಲ ನಾನು ಏನೂ ತಪ್ಪು ಮಾಡದ ಪಾಪದ ನರವನ್ನು ಸುಟ್ಟು ಹಾಕ್ತಿದ್ದೆ! ಈಗ ಒಂದೇ ಬೆರಳು. ಅಂಗೈ ಬೇಡ.”

ಸೆಕ್ಯೂರಿಟಿಯವನತ್ತ ನೋಡಿದೆ. “ಅವನು ನೋಡುವುದಿಲ್ಲ, ಅವನಿಗೆ ಅವನ ಗಾಡಿಗಳ ಚಿಂತೆ” ಎಂದರು. ಬಲಗೈಯ ತೋರುಬೆರಳನ್ನು ಹಿಂದಕ್ಕೆ ಒಯ್ದೆ. ಬೆನ್ನನ್ನು ದಾಟಿ, ಸೊಂಟವನ್ನು ದಾಟಿ, ಒಂದು ಗೇಣು ಕೆಳಗಿಳಿಸಿ, ಸೀರೆಯ ಮೇಲಿಂದಲೇ ಆ ಜಾಗಕ್ಕೆ ಇಟ್ಟೆ. ಇಡುವಾಗ ಮುಖ ಕೆಂಪಾಗಿದ್ದು ನನಗೇ ಗೊತ್ತಾಯಿತು.

“ಇದು ಬೆನ್ನಾ?” ಎಂದರು ಡಾಕ್ಟರು.

“ಲೋವರ್…” ಎಂದೆ.

“ನಮ್ಮೂರಲ್ಲಿ ಇದಕ್ಕೆ ಕುಂಡೆ ಅಂತ ಹೇಳ್ತಾರೆ ಆಂಟೀ.”

ಮಗಳು ಕಾರಿನ ಮೇಲೆ ಬಿದ್ದು ನಕ್ಕಳು. ಕಣ್ಣೊರೆಸಿಕೊಂಡ ಮೇಲೆ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಕನ್ನಡವೂ ಬಂತು. “ಇಷ್ಟು ವರ್ಷ ಎಲ್ಲಾ ಡಾಕ್ಟರ್‌ಗೂ ತಪ್ಪು ಜಾಗ ತೋರಿಸಿದ್ಯಾ ಅಮ್ಮಾ? ನನಗಾದ್ರೂ ಹೇಳಬಾರ್ದಾ?”

ಹೇಗೆ ಹೇಳಲಿ? ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರ ದೇಹದಲ್ಲಿ ಸೊಂಟ ಮುಗಿದ ಮೇಲೆ ನೇರವಾಗಿ ಮಂಡಿಯೇ ಬರುತ್ತಿತ್ತು. ನಡುವಿನದ್ದಕ್ಕೆ ಇಂಗ್ಲಿಷಿನಲ್ಲಿ ಪದ ಕಲಿಸಲಿಲ್ಲ, ಕನ್ನಡದ ಪದವನ್ನು ಮನೆಯಲ್ಲಿ ಆಡಲು ಬಿಡಲಿಲ್ಲ. ಜಾರಿ ಬಿದ್ದು ಅಲ್ಲಿ ಪೆಟ್ಟಾದ ಹುಡುಗಿ ‘ಸಿಸ್ಟರ್, ಮೈ ಬ್ಯಾಕ್’ ಎನ್ನಬೇಕು, ಸಿಸ್ಟರ್ ಬೆನ್ನಿಗೆ ಮುಲಾಮು ಹಚ್ಚಬೇಕು. ಅದೇ ನಡೆದುಕೊಂಡು ಬಂದದ್ದು. ಆ ಸಿಸ್ಟರುಗಳ ಮೇಲೆ ನನಗೆ ಕೋಪವಿಲ್ಲ. ನೆಟ್ಟಗೆ ನಿಲ್ಲುವುದನ್ನು, ಅಳದೆ ಇರುವುದನ್ನು ಅವರೇ ಕಲಿಸಿದ್ದು, ಯಜಮಾನರು ಹೋದಾಗ ಅದು ಕೈ ಹಿಡಿಯಿತು. ಆದರೆ ನನ್ನ ಓರಗೆಯ ಎಷ್ಟು ಹೆಂಗಸರು ತಮ್ಮ ತಮ್ಮ ನೋವುಗಳನ್ನು ಮರ್ಯಾದೆಯ ಜಾಗಕ್ಕೆ ಎತ್ತಿಟ್ಟು ಮದ್ದು ಹಚ್ಚಿಸಿಕೊಂಡಿದ್ದಾರೋ ಎಂದು ಆ ಪಾರ್ಕಿಂಗಿನಲ್ಲಿ ನಿಂತು ಯೋಚಿಸಿದೆ.

ಡಾಕ್ಟರಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ನನ್ನ ಬೆರಳಿದ್ದ ಜಾಗದ ಮೇಲೆ ತಮ್ಮ ಹೆಬ್ಬೆರಳಿಟ್ಟು ಒತ್ತಿದರು. ಈ ಸಲ ನಾನು ‘ಸ್ಲೈಟ್ಲಿ’ ಎನ್ನಲಿಲ್ಲ. ಸೆಕ್ಯೂರಿಟಿಯವನು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. “ಹಾಂ, ಈಗ ಸತ್ಯ ಬಂತು” ಎಂದು ಚಹಾ ಮುಗಿಸಿದರು.

ಬೆನ್ನುಮೂಳೆಯ ಬುಡ ಮತ್ತು ಸೊಂಟದ ದೊಡ್ಡ ಎಲುಬು ಸೇರುವಲ್ಲಿ ಒಂದು ಕೀಲಿದೆಯಂತೆ. ಹೆಚ್ಚು ಅಲುಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ, ಇಡೀ ಮೈಭಾರ ಅದರ ಮೂಲಕವೇ ಕಾಲಿಗೆ ಇಳಿಯುತ್ತದೆ. ಅದು ಸಿಟ್ಟಾದರೆ ಕಾರಿನಿಂದ ಇಳಿಯುವುದೇ ಕಷ್ಟ. ಸ್ವಲ್ಪ ದಿನ ಬಿಟ್ಟು ಆ ಕೀಲಿಗೇ ಇಂಜೆಕ್ಷನ್ ಕೊಟ್ಟರು. ಸೂಜಿ ಒಳಗೆ ಹೋಗಿ ಮದ್ದು ತುಂಬತೊಡಗಿದಾಗ, ಇಷ್ಟು ವರ್ಷ ನನ್ನೊಡನೆ ಬದುಕಿದ ಅದೇ ನೋವು, ಅದೇ ಕಾದ ಸೌಟು, ತೊಡೆಯ ಹಿಂದಿನ ಅದೇ ದಾರಿಯಲ್ಲಿ ಇಳಿಯಿತು.

“ಇದೇ! ಇದೇ ಡಾಕ್ಟರೇ! ಬಿಡಬೇಡಿ!” ಎಂದು ಬೋರಲಾಗಿಯೇ ಕಿರುಚಿದೆ.

“ಬಿಡುವುದಿಲ್ಲ” ಎಂದರು. ಆ ದನಿಯಲ್ಲಿದ್ದ ಸಂತೋಷ ಈಗಲೂ ನನ್ನ ಕಿವಿಯಲ್ಲಿದೆ. ನನ್ನ ನೋವನ್ನು ಕಂಡು ಯಾರಾದರೂ ಅಷ್ಟು ಸಂತೋಷಪಟ್ಟದ್ದು, ಅದು ನನಗೆ ಅಷ್ಟು ಸಮಾಧಾನ ತಂದದ್ದು, ಅದೇ ಮೊದಲು.

ಅಂದು ಪಾರ್ಕಿಂಗಿನಲ್ಲಿ ಮಗಳ ಕಾರಿನಿಂದ ಇಳಿದು ನಿಂತಾಗ ಏನೂ ಆಗಲಿಲ್ಲ. ಏನೂ ಆಗದಿರುವುದು ಎಷ್ಟು ದೊಡ್ಡ ಸಂಗತಿ ಎಂದು ಹೇಗೆ ಬರೆಯಲಿ? ಮತ್ತೆ ಹತ್ತಿದೆ, ಮತ್ತೆ ಇಳಿದೆ. ಮಗಳು “ಮದಿ ಅಮ್ಮಾ, ಎನಫ್” ಎಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

ಡಾಕ್ಟರು ನನ್ನನ್ನು ಆಕಾಶದಲ್ಲಿ ಹಾರಲು ಬಿಡಲಿಲ್ಲ. ಮರಗಟ್ಟಿಸುವ ಮದ್ದು ಇವತ್ತೇ ಇಳಿಯುತ್ತದೆ, ನೋವು ವಾಪಸು ಬರುತ್ತದೆ, ಹೆದರಬೇಡಿ. ಜೊತೆಗೆ ಹಾಕಿದ ಸ್ಟೀರಾಯ್ಡು ಕೆಲಸ ಶುರುಮಾಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಶುಗರ್ ಏರಬಹುದು, ನೋಡಿಕೊಳ್ಳಿ. ಇದು ತಿಂಗಳುಗಟ್ಟಲೆ ನಿಲ್ಲಬಹುದು, ಬೇಗನೇ ಹೋಗಲೂಬಹುದು. “ಇದು ಮುಗಿಯುವ ಜಗಳ ಅಲ್ಲ ಆಂಟೀ. ಈ ಇಂಜೆಕ್ಷನ್ ನಿಮಗೆ ಸ್ವಲ್ಪ ಸಮಯ ಕೊಡ್ತದೆ. ಆ ಸಮಯದಲ್ಲಿ ನೀವು ಕುಂಡೆ ಗಟ್ಟಿ ಮಾಡ್ಕೊಳ್ಬೇಕು.” ಹೀಗೆ ಹೇಳಿ ವ್ಯಾಯಾಮ ಕಲಿಸಲು ಫಿಸಿಯೋಥೆರಪಿಯವರಿಗೆ ಒಪ್ಪಿಸಿದರು. ಬೇಕೆಂದೇ ಆ ಪದ ಉಪಯೋಗಿಸುತ್ತಿದ್ದರು ಎಂದು ನನಗೆ ಗುಮಾನಿ.

“ಮತ್ತೆ ಡ್ರೈವಿಂಗ್?” ಎಂದೆ.

“ಬ್ರೇಕ್ ಒತ್ತುವಾಗ ನೋವು ಬಂದ್ರೂ ಕಾಲು ಹಿಂದೆ ಬರಬಾರದು. ಅಷ್ಟು ಬಲ ಬಂದ ಮೇಲೆ ನಾನೇ ಹೇಳ್ತೇನೆ. ರೋಡಿನಲ್ಲಿ ಬೇರೆಯವರ ಮಕ್ಕಳು ಇರ್ತಾರೆ.” ನಾನು ಕಂಬದ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ. ನನ್ನ ಭಯವನ್ನು ಅವರೂ ಕಂಡಿದ್ದರು ಎಂದು ಆಗ ಗೌರವ ಇನ್ನಷ್ಟು ಹೆಚ್ಚಿತು.

ಉಳ್ಳೂರಿನ ಹಾಲಿನಲ್ಲಿ ಚಾಪೆ ಹಾಸಿ, ಅಂಗಾತ ಮಲಗಿ, ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತುವ ವ್ಯಾಯಾಮವನ್ನು ಬೆಳಗ್ಗೆ ಸಂಜೆ ಮಾಡಿದೆ. ಗೋಡೆಗೆ ದಿಂಬು ಒತ್ತಿಟ್ಟು ಬಲಗಾಲಿನಿಂದ ತಳ್ಳಿದೆ. ಮತ್ತೊಮ್ಮೆ ಕೊಚ್ಚಿಗೆ ಹೋದಾಗ ಕೊಟ್ಟಾಯಂವರೆಗೆ ಕೂತೇ ಹೋದೆ, ಅಲ್ಲಿಂದ ಮುಂದೆ ನಿಂತೆ. ಡಾಕ್ಟರು ತಮ್ಮ ಅಂಗೈಯನ್ನು ನನ್ನ ಪಾದದಡಿ ಇಟ್ಟು “ಒತ್ತಿ” ಎಂದರು. ಒತ್ತಿದೆ. ಅವರ ಕೈ ಹಿಂದಕ್ಕೆ ಹೋಯಿತು, ನನ್ನ ಕಾಲು ಬರಲಿಲ್ಲ. “ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. ಆಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿ ರೋಡಿಗೆ ಹೋಗಿ. ಮಗಳೇ, ಆ ದಿನ ನೀವು ಮಗಳಲ್ಲ, ಆರ್‌ಟಿಓ ಇನ್‌ಸ್ಪೆಕ್ಟರ್. ಫೇಲ್ ಮಾಡುವುದಾದ್ರೆ ಫೇಲ್ ಮಾಡಿ.”

ದೇವರ ಗೂಡಿನಿಂದ ಕೀಲಿಕೈ ತೆಗೆದು, ನಮ್ಮ ಫ್ಲ್ಯಾಟಿನ ಅಂಗಳ ಖಾಲಿಯಿದ್ದಾಗ ಬ್ರೇಕ್ ಒತ್ತಿ ಒತ್ತಿ ಅಭ್ಯಾಸ ಮಾಡಿದೆ. ಓಣಂ ಕಳೆದ ಗುರುವಾರ ಮಗಳು ರಜೆ ಹಾಕಿ ಬಂದಳು. ಕಾರು ನೋಡಲು ಬರುವವರು ಸಂಜೆ ಫೋನು ಮಾಡುವವರಿದ್ದರು. ಅವಳು ಪಕ್ಕದಲ್ಲಿ ಸೀಟ್ ಬೆಲ್ಟ್ ಬಿಗಿದು, ಮುಖ ಬಿಗಿದು ಕೂತಳು. ಕೀಲಿ ತಿರುಗಿಸಿದೆ. ಉಳ್ಳೂರ್ ಜಂಕ್ಷನ್ನಿನ ಕಡೆಗೆ ನಿಧಾನವಾಗಿ ಹೊರಟೆ. ಮೆಡಿಕಲ್ ಕಾಲೇಜಿನ ಕಡೆಯ ಗದ್ದಲ, ಆಂಬುಲೆನ್ಸು, ಮಕ್ಕಳನ್ನು ಎತ್ತಿಕೊಂಡು ಅಡ್ಡ ದಾಟುವವರು. ಕೆಂಪು ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ಎಡಗಡೆಯಿಂದ ಒಂದು ಓಟೋ ಕೈ ತೋರಿಸದೆ, ಹಾರ್ನ್ ಮಾಡದೆ ನನ್ನ ಮುಂದೆ ಸೀದಾ ನುಗ್ಗಿತು.

ನಾನು ಯೋಚಿಸಲಿಲ್ಲ. ಕಾಲು ಯೋಚಿಸಲಿಲ್ಲ. ಕಾರು ಒಂದೇ ಸಲಕ್ಕೆ ನಿಂತಿತು. ಮಗಳು ಡ್ಯಾಷ್‌ಬೋರ್ಡಿಗೆ ಕೈ ಕೊಟ್ಟಳು. ಓಟೋದವನು ತಲೆ ಹೊರಗೆ ಹಾಕಿ “ಎಂದಾ ಅಮ್ಮಚ್ಚೀ!” ಎಂದು ನನ್ನನ್ನೇ ಬೈದು ಹೋದ. ಅಷ್ಟಾದ ಮೇಲೆ, ಎಲ್ಲ ಮುಗಿದ ಮೇಲೆ, ನೋವು ಬಂತು. ಸಣ್ಣದು. ಬಂದು ಸ್ವಲ್ಪ ಹೊತ್ತು ಇದ್ದು ಇಳಿಯಿತು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು.

ನನ್ನ ಪಾದವನ್ನೇ ನೋಡುತ್ತಿದ್ದ ಮಗಳು ಬ್ಯಾಗಿನಿಂದ ಫೋನು ತೆಗೆದು ಯಾರಿಗೋ ಮಲಯಾಳದಲ್ಲಿ, “ಸಾರಿ ಚೇಟ್ಟಾ, ಕಾರು ಕೊಡುವುದಿಲ್ಲ. ಅಮ್ಮ ಓಡಿಸುತ್ತಾರೆ” ಎಂದಳು. ಫೋನು ಒಳಗಿಟ್ಟು ಕನ್ನಡಕದ ಕೆಳಗೆ ಬೆರಳು ಹಾಕಿ ಒರೆಸಿಕೊಂಡಳು.

“ಅಮ್ಮಾ, ಗ್ರೀನ್ ಬಿತ್ತು. ಹೋಗು.”

ಕನ್ನಡದಲ್ಲೇ ಹೇಳಿದಳು, ಸಿಟ್ಟಿಲ್ಲದೆ. ಫಸ್ಟ್ ಗೇರ್ ಹಾಕಿ ಶ್ರೀಕಾರ್ಯಂನ ರಸ್ತೆಗೆ ತಿರುಗಿಸಿದೆ.